ನಲವತ್ತಾರನೇ ಪುಟದ ಒಪ್ಪೋಲೆ

ಸೂಜಿಯಕ್ಕ ದಪ್ಪಗಿದ್ದಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಇದನ್ನೇ ಹಿಡಿದುಕೊಂಡು ಒಬ್ಬ ಮಹಾನುಭಾವ ಆಟವಾಡಿದ್ದಾನೆ. ದಪ್ಪಗಿದ್ದಳು, ಎತ್ತರಕ್ಕಿದ್ದಳು, ಮೆಟ್ಟಿಲು ಹತ್ತಿ ಬಂದರೆ ಎರಡು ನಿಮಿಷ ಏದುಸಿರು ಬಿಡುತ್ತಿದ್ದಳು. ಇದೆಲ್ಲ ನಿಜ. ಆದರೆ ಸೋಮಾರಿ? ಎಲುಬಿಲ್ಲದ ನಾಲಿಗೆ ಏನು ಬೇಕಾದರೂ ಅನ್ನುತ್ತದೆ. ಮೂವತ್ತೊಂದು ವರ್ಷ ಒಂದೇ ಕಿಟಕಿಯ ಪಕ್ಕ, ಒಂದೇ ಸ್ಟೂಲಿನ ಮೇಲೆ ಕೂತು ಅವಳು ಹೊಲಿದ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ, ಆ ಮಾತಾಡಿದವನು ತುದಿ ನೋಡಲು ಹೋಗಿ ಕುತ್ತಿಗೆ ಉಳುಕಿಸಿಕೊಳ್ಳುತ್ತಿದ್ದ.

ಅದೊಂದು ಹಳೆಯ ಅಚ್ಚುಕೂಟ. ಕೆಳಗೆ ಮಷೀನುಗಳು, ನಡುವಿನ ಅಂತಸ್ತಿನಲ್ಲಿ ಆಫೀಸು ಮತ್ತು ಚಿತ್ರ ಬರೆಯುವವರ ಕೋಣೆ, ಮೇಲೆ ಹೊಲಿಗೆಯ ವಿಭಾಗ. ಕೆಳಗೆ ಅಚ್ಚಾದ ದೊಡ್ಡ ಹಾಳೆ ಮೇಲೆ ಬರುತ್ತದೆ. ಮಡಿಸಿದರೆ ಹದಿನಾರು ಪುಟದ ಒಂದು ಫಾರಂ. ಫಾರಂಗಳನ್ನು ಕ್ರಮವಾಗಿ ಜೋಡಿಸಿ, ಬೆನ್ನಿಗೆ ದಾರ ಹಾಕಿ, ಅಂಟು ಬಳಿದು, ರಟ್ಟು ತೊಡಿಸಿದರೆ ಪುಸ್ತಕ. ಹೊಲಿಗೆಯಲ್ಲಿ ಸೂಜಿಯಕ್ಕನ ಕೈಯೇ ಕೈ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಹಾಳೆ ಮಡಿಸಲು ಅವಳ ಬಳಿ ಎತ್ತಿನ ಮೂಳೆಯ ಒಂದು ಚಪ್ಪಟೆ ಪಟ್ಟಿಯಿತ್ತು. ಹದಿನಾರನೇ ವಯಸ್ಸಿಗೆ ಕೆಲಸಕ್ಕೆ ಸೇರಿದ ದಿನ ದೊಡ್ಡ ಯಜಮಾನರು, ಅಂದರೆ ಈಗಿನ ಯಜಮಾನರ ತಂದೆ, ಕೈಗೆ ಕೊಟ್ಟದ್ದು. ಸವೆದು ಸವೆದು ಅವಳ ಹೆಬ್ಬೆರಳಿನ ಅಳತೆಗೇ ತಗ್ಗಾಗಿತ್ತು. "ಈ ಎತ್ತು ಸತ್ತ ಮೇಲೂ ದುಡೀತಿದೆ. ನಾವು ಬದುಕಿರೋವಾಗ್ಲೇ ಸುಸ್ತು ಅಂತೀವಿ," ಎಂದು ಹೊಸಬರಿಗೆ ಅವಳು ಹೇಳುವುದಿತ್ತು. ಬೆನ್ನಿಗೆ ಬಳಿಯುವ ಅಂಟೂ ತೊಗಲು ಕುದಿಸಿ ಮಾಡಿದ್ದೇ. ಪುಸ್ತಕ ಅಂದರೆ ಅರ್ಧ ಮರ, ಅರ್ಧ ದನ ಎನ್ನುವುದು ಅವಳ ಲೆಕ್ಕ.

ದನದ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ತಾಯಿ ಎರಡು ಹಸು ಸಾಕಿ ಹಾಲು ಮಾರಿದವಳು. ಅಪ್ಪ ಎನ್ನುವವನು ಮನೆಯಲ್ಲಿ ಕಾಣಿಸಿಕೊಳ್ಳುತ್ತಿದ್ದುದು ಹಸಿದಾಗ ಮಾತ್ರ. ತಾಯಿ ಮೂರು ತಿಂಗಳು ಹಾಸಿಗೆ ಹಿಡಿದಾಗ ಹತ್ತು ವರ್ಷದ ಹುಡುಗಿ ತಾನೇ ಹಾಲು ಕರೆದಳು. ಹಸು ಕಾಲು ಕೂಡ ಎತ್ತಲಿಲ್ಲ. ಏಳನೇ ತರಗತಿಯವರೆಗೆ ತನ್ನನ್ನು ಓದಿಸಿದ್ದು ಅಪ್ಪನಲ್ಲ, ಆ ಕೆಂದು ಬಣ್ಣದ ಹಸು ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದಳು.

ಅಚ್ಚುಕೂಟದಲ್ಲಿ ಇನ್ನೊಂದು ಕಟ್ಟಳೆಯಿತ್ತು. ಆಫೀಸಿನ ಬಾಗಿಲ ಪಕ್ಕ ಗೋಡೆಯಲ್ಲಿ ಒಂದು ಮೊಳೆ. ಹೊಡೆದವರು ದೊಡ್ಡ ಯಜಮಾನರು. ಅಚ್ಚಾದ ಪುಟದಲ್ಲಿ ಯಾರಿಗೆ ತಪ್ಪು ಕಂಡರೂ, ಕಸ ಗುಡಿಸುವವರಿಗೇ ಕಂಡರೂ, ಚೀಟಿಯಲ್ಲಿ ಬರೆದು ಆ ಮೊಳೆಗೆ ಸಿಕ್ಕಿಸಬೇಕು. ಯಜಮಾನ ಮಾರನೆಯ ಬೆಳಿಗ್ಗೆ ಬೇರೆ ಕಾಗದ ಮುಟ್ಟುವ ಮೊದಲು ಅದನ್ನು ಓದಬೇಕು, ಉತ್ತರ ಹೇಳಬೇಕು. ತಪ್ಪು ನಿಜವಾಗಿದ್ದರೆ ಒಂದು ಒಪ್ಪೋಲೆ ಅಚ್ಚಾಗುತ್ತದೆ: ಒಂದು ಕಡೆ ತಪ್ಪು, ಎದುರಿಗೆ ಒಪ್ಪು. ಹೊಲಿಗೆಯ ಹೆಂಗಸರು ಅದನ್ನು ಪ್ರತಿಯೊಂದು ಪುಸ್ತಕಕ್ಕೂ ಅಂಟಿಸುತ್ತಾರೆ. ಸೂಜಿಯಕ್ಕ ಮೂವತ್ತೊಂದು ವರ್ಷದಲ್ಲಿ ಏಳು ಚೀಟಿ ಸಿಕ್ಕಿಸಿದ್ದಳು. ಗಣಿತದ ಪುಸ್ತಕದಲ್ಲಿ ಒಂದು ಉತ್ತರ ತಪ್ಪಾಗಿದ್ದುದನ್ನು ಬೆರಳು ಮಡಿಚಿ ಎಣಿಸಿ ಹಿಡಿದಾಗ ದೊಡ್ಡ ಯಜಮಾನರು ಮಹಡಿ ಹತ್ತಿ ಬಂದು, "ಮೇಷ್ಟ್ರ ಕಣ್ಣು ತಪ್ಪಿಸ್ಕೊಂಡಿದ್ದು ನಿನ್ನ ಕೈಗೆ ಸಿಕ್ತಲ್ಲಮ್ಮ," ಎಂದಿದ್ದರು. ಅವರು ತೀರಿಕೊಂಡ ಮೇಲೆ ಮೊಳೆ ಉಳಿಯಿತು, ಅದರ ಕಡೆ ನೋಡುವವರು ಉಳಿಯಲಿಲ್ಲ.

ಸೂಜಿಯಕ್ಕನ ಗಂಡ ಲಾರಿ ಓಡಿಸುತ್ತಿದ್ದ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಮನೆಯಲ್ಲಿ ಇರುವವರು ಅವಳು ಮತ್ತು ಹದಿಮೂರು ವರ್ಷದ ಮಗಳು ಪುಟ್ಟಿ. ಈ ಪುಟ್ಟಿಗೆ ಒಂದು ಹುಚ್ಚು. ಪ್ರತಿ ವರ್ಷ ಶಾಲೆ ಶುರುವಾದ ದಿನ ಹೊಸ ಪುಸ್ತಕ ಕೈಗೆ ಬಂದ ಕೂಡಲೇ ನಡುವೆ ಬಿಡಿಸಿ, ದಾರದ ಗಂಟು ಹುಡುಕಿ, ಪಕ್ಕದವಳಿಗೆ ತೋರಿಸುವುದು: "ನೋಡು, ಇದು ನಮ್ಮಮ್ಮ ಹೊಲಿದಿದ್ದು." ಗಂಟು ಹಾಕುವ ಬಗೆಯಲ್ಲೇ ಅವಳಿಗೆ ಗೊತ್ತಾಗುತ್ತಿತ್ತು. ತರಗತಿಯ ಮಕ್ಕಳಿಗೂ ಅದು ಅಭ್ಯಾಸವಾಗಿ, ತಮ್ಮ ತಮ್ಮ ಪುಸ್ತಕ ತಂದು "ಇದೂ ನಿಮ್ಮಮ್ಮಂದಾ ನೋಡು" ಎನ್ನುತ್ತಿದ್ದರು.

ಆ ವರ್ಷ ಎಂಟನೇ ತರಗತಿಯ ಸ್ಪ್ಯಾನಿಷ್ ಪುಸ್ತಕ ಹೊಸದಾಗಿ ಅಚ್ಚಿಗೆ ಬಂತು. ಬರೆದವರು ಪುಟ್ಟಿಯ ಶಾಲೆಯ ಸ್ಪ್ಯಾನಿಷ್ ಮೇಷ್ಟ್ರೇ. ಹಳೆಯ ಮುದ್ರಣವನ್ನು ಮೂರು ಸಲ ಹೊಲಿದಿದ್ದ ಸೂಜಿಯಕ್ಕನಿಗೆ ಅದರ ಮೂರನೇ ಫಾರಂ, ಸಾಕುಪ್ರಾಣಿಗಳ ಪಾಠ, ಬಾಯಿಗೇ ಬರುತ್ತಿತ್ತು. ಬಾಕಾ ಅಂದರೆ ಹಸು. ಗಯೀನಾ ಅಂದರೆ ಹೇಂಟೆ. ಬುರ್ರೊ ಅಂದರೆ ಕತ್ತೆ. ಸೆರ್ದೊ ಅಂದರೆ ಹಂದಿ. ಮಡಿಸುತ್ತಾ ಮಡಿಸುತ್ತಾ ಪಕ್ಕದಲ್ಲಿ ಕೂತು ಅಂಟು ಬಳಿಯುವ ಅಂಟಿನಮ್ಮನಿಗೂ ಕಲಿಸಿದ್ದಳು. ಹೊಸ ಮುದ್ರಣದಲ್ಲಿ ಆ ಪಾಠದ ಕೊನೆಗೆ, ನಲವತ್ತಾರನೇ ಪುಟದಲ್ಲಿ, ಒಂದು ಚೌಕಟ್ಟು ಸೇರಿಸಿದ್ದಾರೆ, ಚಿತ್ರವಿದೆ ಎಂದು ಸುದ್ದಿಯಿತ್ತು.

ಚಿತ್ರ ಬರೆದವರು ಅಳಿಯಂದಿರು. ಅಂದರೆ ಯಜಮಾನರ ಮಗಳ ಗಂಡ. ಮದುವೆಯಾದ ಮೂರನೇ ತಿಂಗಳಿಗೆ ಚಿತ್ರದ ಕೋಣೆಯ ಮುಖ್ಯಸ್ಥ. ಅಳಿಯ ದೇವರು ಅಂದ ಮೇಲೆ ಗುಡಿ ಬೇಡವೇ! ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವನು ಆಗಾಗ ಮೇಲಿನ ಅಂತಸ್ತಿಗೆ ಬಂದು, ಬಾಗಿಲಲ್ಲಿ ಒರಗಿ, ಸಣ್ಣ ಪುಸ್ತಕದಲ್ಲಿ ಏನೋ ಗೀಚಿಕೊಂಡು ಹೋಗುತ್ತಿದ್ದ. ಪಾಪ, ಕಲಾವಿದ, ಎಂದು ಹೆಂಗಸರು ಡಬ್ಬಿಯಿಂದ ಒಂದು ತುತ್ತು ಅವನಿಗೂ ಕೊಟ್ಟಿದ್ದರು. ಉಂಡ ಮನೆಗೆ ಎರಡು ಬಗೆಯುವುದು ಎನ್ನುತ್ತಾರಲ್ಲ, ಅದು ಎಲೆ ಎತ್ತುವ ಮೊದಲೇ ನಡೆದಿತ್ತು.

ಆ ಅಚ್ಚುಕೂಟದಲ್ಲಿ ಮೊದಲ ದಿನ ಬಣ್ಣ ಬೀಳುತ್ತದೆ, ಎರಡನೇ ದಿನ ಕಪ್ಪು. ಬಣ್ಣ ಸರಿಯಾಗಿದೆಯೇ ಎಂದು ನೋಡಲು ಒಂದು ಹಾಳೆ ಮೇಲೆ ಕಳಿಸಿದರು. ಅಕ್ಷರ ಇನ್ನೂ ಬಿದ್ದಿರಲಿಲ್ಲ, ಬರೀ ಚಿತ್ರ. ನಲವತ್ತಾರನೇ ಪುಟದ ಕೆಳಗೆ ಒಂದು ಹಸು, ಅದರ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತ ಒಬ್ಬ ದಪ್ಪ ಹೆಂಗಸು. ಕನ್ನಡಕದ ಒಂದು ಕಾಲು ಮುರಿದು ದಾರ ಕಟ್ಟಿದೆ. ಸೂಜಿಯಕ್ಕ ತನ್ನ ಕನ್ನಡಕ ಮುಟ್ಟಿ ನೋಡಿಕೊಂಡಳು. ದಾರ ಅಲ್ಲೇ ಇತ್ತು.

ಅವಳಿಗೆ ಸಂತೋಷವಾಯಿತು. ಹೇಳಲಿಕ್ಕೇ ಹೊಟ್ಟೆ ಉರಿಯುತ್ತದೆ, ಆದರೆ ನಿಜವಾಗಿ ಸಂತೋಷವಾಯಿತು. ನಮ್ಮಲ್ಲಿ ಒಬ್ಬ ಹೆಂಗಸನ್ನು ಹಸುವಿನಂಥವಳು ಅಂದರೆ ಏನು ಅರ್ಥ? ಯಾರ ತಂಟೆಗೂ ಹೋಗದವಳು, ಒಳ್ಳೆಯವಳು ಎಂದು ತಾನೇ? ಇಷ್ಟು ವರ್ಷ ಯಾರೂ ಬಾಯಿಬಿಟ್ಟು ಹೇಳದ ಒಂದು ಒಳ್ಳೆಯ ಮಾತನ್ನು ಈ ಹುಡುಗ ಚಿತ್ರದಲ್ಲಿ ಹೇಳಿದ್ದಾನೆ ಎಂದುಕೊಂಡಳು. ಅಂದು ಸಂಜೆ ಮನೆಗೆ ಹೋದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು, "ಪುಟ್ಟಿ, ಈ ಸಲ ದಾರ ಹುಡುಕ್ಬೇಡ. ಸ್ಪ್ಯಾನಿಷ್ ಪುಸ್ತಕದ ನಲವತ್ತಾರನೇ ಪುಟ ತೆಗಿ. ಅಲ್ಲಿ ನಾನೇ ಇದ್ದೀನಿ."

"ನೀನಾ? ಚಿತ್ರದಲ್ಲಾ?"

"ಹೂಂ ಕಣೇ. ಹಸು ಪಕ್ಕದಲ್ಲಿ."

ಪುಟ್ಟಿ ಅಮ್ಮನ ಸೊಂಟ ಹಿಡಿದು ಕುಣಿದಳು. ಇಡೀ ತರಗತಿಗೆ ಹೇಳಿಬಿಡುತ್ತೇನೆ ಎಂದಳು, ಹೇಳಿಯೂಬಿಟ್ಟಳು. ರಜೆಯಿದ್ದರೂ ಬೀದಿ ಬೀದಿ ಸುತ್ತಿ ಗೆಳತಿಯರ ಮನೆಗೆ ಹೋಗಿ ಹೇಳಿ ಬಂದಳು.

ಮಾರನೆಯ ದಿನ ಕಪ್ಪು ಬಿತ್ತು. ಹಾಳೆಯ ಕಂತೆಗಳನ್ನು ಬೆನ್ನ ಮೇಲೆ ಹೊತ್ತು ತಂದವನು ಹೊರೆಯಣ್ಣ. ಅರವತ್ತು ದಾಟಿದವನು. ಒಂದು ಕಾಲಕ್ಕೆ ಈ ಅಚ್ಚುಕೂಟದ ಅಕ್ಷರವೆಲ್ಲ ಅವನ ಬೆರಳಿಂದಲೇ ಬರುತ್ತಿತ್ತು. ಸೀಸದ ಅಕ್ಷರದ ಅಚ್ಚುಮೊಳೆ ಒಂದೊಂದೇ ಹೆಕ್ಕಿ ಜೋಡಿಸಿ, ಕಾಲಲ್ಲಿ ತುಳಿಯುವ ಟ್ರೆಡಲ್ ಮಷೀನಿನಲ್ಲಿ ಅಚ್ಚು ಹಾಕುತ್ತಿದ್ದ. ಕಂಪ್ಯೂಟರು ಬಂದ ಮೇಲೆ ಅವನನ್ನು ಹೊರೆಗೆ ಹಾಕಿದರು. ಅವನು ಕಂತೆ ಇಳಿಸಿ, ಸೂಜಿಯಕ್ಕನ ಮುಖ ನೋಡದೆ, "ಓದಿ ನೋಡವ್ವ," ಎಂದಷ್ಟೇ ಹೇಳಿದ.

ಚೌಕಟ್ಟಿನ ತಲೆಯ ಮೇಲೆ ಇತ್ತು: ‘ಈ ಪ್ರಾಣಿಗಳ ಹೆಸರನ್ನು ಮನುಷ್ಯರಿಗೆ ಹೇಳಿದರೆ ಏನು ಅರ್ಥ?’ ಕೆಳಗೆ ನಾಲ್ಕು ಚಿತ್ರ; ಹಸುವಿನದಕ್ಕೆ ಮಾತ್ರ ಬಣ್ಣ, ಉಳಿದ ಮೂರು ಬರೀ ಕಪ್ಪು ಗೆರೆಯವು, ಹಿಂದಿನ ದಿನದ ಹಾಳೆಯಲ್ಲಿ ಬಿದ್ದಿರಲಿಲ್ಲ. ಬಾಕಾ: ದಪ್ಪಗಿರುವ ಸೋಮಾರಿ ಹೆಂಗಸು. ಪಕ್ಕದಲ್ಲಿ ಅವಳು. ಸೆರ್ದೊ: ಕೊಳಕು ಮನುಷ್ಯ. ಪಕ್ಕದಲ್ಲಿ, ಸೀರೆ ಕೊಳೆಯಾಗದಂತೆ ಮುಂದೆ ಕಟ್ಟಿಕೊಳ್ಳುವ ಮುಂಗಟ್ಟಿಗೆಲ್ಲ ಅಂಟು ಮೆತ್ತಿಕೊಂಡ ಅಂಟಿನಮ್ಮ. ಗಯೀನಾ: ಹೇಡಿ. ಪಕ್ಕದಲ್ಲಿ ತಲೆ ತಗ್ಗಿಸಿ ಹಾಳೆ ಮಡಿಸುವ, ಎಂದೂ ದನಿ ಎತ್ತದ ಪಿಸುಗಮ್ಮ. ಬುರ್ರೊ: ದಡ್ಡ. ಪಕ್ಕದಲ್ಲಿ ಬೆನ್ನ ಮೇಲೆ ಕಂತೆ ಹೊತ್ತ ಹೊರೆಯಣ್ಣ.

ಸೂಜಿಯಕ್ಕ ಎರಡು ಸಲ ಓದಿದಳು. ಅಂಟಿನಮ್ಮ ತನ್ನ ಮುಂಗಟ್ಟನ್ನು ಬಿಚ್ಚಿ ಮೇಜಿನ ಕೆಳಗೆ ತುರುಕಿದಳು. ಕೆಲಸದ ಅಂಟಿಗೆ ನಾಚಿಕೊಳ್ಳುವ ಹಾಗೆ ಮಾಡಿದನಲ್ಲ ಆ ಪಾಪಿ, ಎಂದು ಸೂಜಿಯಕ್ಕನಿಗೆ ತನ್ನ ಚಿತ್ರಕ್ಕಿಂತ ಅದೇ ಹೆಚ್ಚು ಉರಿಯಿತು. ಹಾಳೆ ಹಿಡಿದು ಮೆಟ್ಟಿಲಿಳಿದಳು.

ಚಿತ್ರದ ಕೋಣೆಯಲ್ಲಿ ಅಳಿಯ ತಿರುಗುವ ಕುರ್ಚಿಯಲ್ಲಿದ್ದ. ಯಜಮಾನರೂ ಸ್ಪ್ಯಾನಿಷ್ ಮೇಷ್ಟ್ರೂ ಅಲ್ಲೇ ಇದ್ದರು.

"ಸಾರ್, ಇದು ನಾನಲ್ವಾ?"

"ಯಾರೂ ಅಲ್ಲಮ್ಮ. ಕಲ್ಪನೆ."

"ನನ್ನ ಕನ್ನಡಕದ ಕಾಲು ಮುರಿದು ದಾರ ಕಟ್ಟಿದ್ದೀನಿ. ನಿಮ್ಮ ಕಲ್ಪನೆಗೂ ಕಾಲು ಮುರಿದಿತ್ತಾ?"

ಅಳಿಯ ನಕ್ಕ. "ಏನೋ ತಮಾಷೆಗೆ ಹಾಕಿದ್ದು. ಸ್ವಲ್ಪ ನಗೋದು ಕಲೀರಿ. ಪಾಠ ಮಕ್ಕಳ ತಲೇಲಿ ನಿಲ್ಲಬೇಕಲ್ವಾ?"

"ನಿಲ್ಲತ್ತೆ ಸಾರ್. ಅದೇ ನನ್ನ ಭಯ."

ಅವಳು ಮೇಷ್ಟ್ರ ಕಡೆ ತಿರುಗಿದಳು. ಮೇಷ್ಟ್ರು ಟೈ ಸರಿಮಾಡಿಕೊಂಡರು. "ನೋಡಿಯಮ್ಮ, ಅರ್ಥ ನಾನು ಕಟ್ಟಿದ್ದಲ್ಲ. ಸ್ಪೇನಿನ ಜನ ಮಾತಾಡೋದೇ ಹಾಗೆ. ಚಿತ್ರ ನಾನು ಹಾಕ್ಸಿದ್ದಲ್ಲ."

"ಅವರು ಏನಾದ್ರೂ ಅಂದ್ಕೊಳ್ಳಿ ಮೇಷ್ಟ್ರೆ. ನಾವೇನು ಕಮ್ಮಿನಾ? ಕತ್ತೆ, ಹಂದಿ, ಕುರಿ, ಕೋಣ; ನಮ್ಮ ಬೈಗುಳದ ಕೊಟ್ಟಿಗೇಲೂ ಜಾಗ ಖಾಲಿ ಇಲ್ಲ. ಹಾಲು ಕುಡಿದು, ಹೊರೆ ಹೊರ್ಸಿ, ಮೊಟ್ಟೆ ತಿಂದು, ಆಮೇಲೆ ಅದರ ಹೆಸರಲ್ಲೇ ಬೈಯೋದು! ಎಲ್ಲಾ ದೇಶದ ನಾಲಿಗೇನೂ ಒಂದೇ. ನಾನು ಕೇಳ್ತಿರೋದು, ಅದಕ್ಕೆ ನಮ್ಮ ಮುಖ ಯಾಕೆ ಬೇಕಿತ್ತು ಅಂತ."

ಯಜಮಾನರಿಗೆ ಬೇಸರವಾಯಿತು. "ನಾಲ್ಕು ಸಾವಿರ ಹಾಳೆ ಅಚ್ಚಾಗಿ ಕೂತಿದೆ. ಶಾಲೆ ತೆರೆಯೋಕೆ ಒಂಬತ್ತು ದಿನ. ಮತ್ತೆ ಅಚ್ಚು ಹಾಕೋ ಮಾತೇ ಇಲ್ಲ. ಅಷ್ಟಕ್ಕೂ ನಿನ್ನ ಮುಖ ಅಲ್ಲಿ ಯಾರಮ್ಮ ನೋಡ್ತಾರೆ?"

"ನನ್ನ ಮಗಳು ನೋಡ್ತಾಳೆ."

ಮೇಷ್ಟ್ರು ಗಡಿಯಾರ ನೋಡಿದರು. ಸೂಜಿಯಕ್ಕ ಹೊರಗೆ ಬಂದು, ಬಾಗಿಲಲ್ಲೇ ನಿಂತು, ಒಂದು ಚೀಟಿ ಬರೆದಳು: ‘ಸ್ಪ್ಯಾನಿಷ್ ಪುಸ್ತಕ, ಮೂರನೇ ಫಾರಂ, ಪುಟ ೪೬. ನಾಲ್ಕು ತಪ್ಪು ಇವೆ.’ ಮೊಳೆಗೆ ಸಿಕ್ಕಿಸಿದಳು. ಅವಳ ಎಂಟನೇ ಚೀಟಿ.

ಮಾರನೆಯ ಬೆಳಿಗ್ಗೆ ನೋಡಿದರೆ ಚೀಟಿ ಅಲ್ಲೇ ಇತ್ತು. ಯಜಮಾನರ ಉತ್ತರ ಇರಲಿಲ್ಲ. ಅವಳ ಅಕ್ಷರದ ಕೆಳಗೆ ಯಾರೋ ಒಂದು ಬಾಲ ಬರೆದಿದ್ದರು, ತುದಿಗೆ ಕುಚ್ಚಿನ ಸಮೇತ. ಬಾಲ ಚೆನ್ನಾಗಿತ್ತು. ಕಲಾವಿದನ ಕೈ.

ಊಟದ ಹೊತ್ತಿಗೆ ನಾಲ್ವರೂ ಮೇಜಿನ ಸುತ್ತ ಕೂತರು. ಅಂಟಿನಮ್ಮ ಹೇಳಿದಳು, "ಮೂರನೇ ಫಾರಮ್ಮೇ ಎತ್ತಿಬಿಡೋಣ ಕಣೇ. ಜೋಡಿಸೋವಾಗ ಮರೆತ್ವಿ ಅನ್ನೋಣ."

ಸೂಜಿಯಕ್ಕ ತಲೆ ಅಲ್ಲಾಡಿಸಿದಳು. "ಪುಟ ಇಲ್ಲದ ಪುಸ್ತಕ ನನ್ನ ಕೈಯಿಂದ ಒಂದೂ ಹೋಗಿಲ್ಲ. ಅವನ ಹೊಲಸಿಗೆ ನನ್ನ ಕೆಲಸ ಯಾಕೆ ಕೆಡಿಸ್ಕೊಳ್ಲಿ? ಆ ಪಾಠದಲ್ಲಿ ಉಳಿದಿದ್ದೆಲ್ಲ ಸರಿಯಾಗೇ ಇದೆ. ತಪ್ಪಿರೋದು ಅಂಗೈ ಅಗಲ. ತಪ್ಪಿದ್ರೆ ಒಪ್ಪೋಲೆ. ದೊಡ್ಡ ಯಜಮಾನರ ಕಟ್ಟಳೆ ಅದು. ಚೀಟಿ ಹಾಕಿದ್ದೀನಿ, ಇಲ್ಲ ಅಂತ ಯಾರೂ ಉತ್ತರ ಕೊಟ್ಟಿಲ್ಲ."

"ಬಾಲ ಕೊಟ್ಟಿದ್ದಾರಲ್ಲ," ಎಂದ ಹೊರೆಯಣ್ಣ.

"ಬಾಲ ಉತ್ತರ ಅಲ್ಲ."

ಹಾಗಾದರೆ ಒಪ್ಪೋಲೆಯಲ್ಲಿ ಏನು ಬರೆಯುವುದು? ಅವರೆಲ್ಲ ಪ್ರಾಣಿಗಳ ಜೊತೆ ಬೆಳೆದವರು. ಹೊರೆಯಣ್ಣನ ಅಪ್ಪ ಇಟ್ಟಿಗೆ ಗೂಡಿನಲ್ಲಿ ಕತ್ತೆಗಳ ಜೊತೆ ದುಡಿದವನು. ಅಂಟಿನಮ್ಮನ ಅಜ್ಜಿಗೆ ಹಂದಿಗಳಿದ್ದವು. ಒಬ್ಬೊಬ್ಬರೂ ತಮ್ಮ ತಮ್ಮ ಪ್ರಾಣಿಯ ಬಗ್ಗೆ ಹೇಳಿದರು. ಪಿಸುಗಮ್ಮನ ಸರದಿ ಬಂದಾಗ ಅವಳು ಏನೋ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ; ಮೂರನೇ ಸಲ ಕೇಳಿದ ಮೇಲೆ ಗೊತ್ತಾಯಿತು, ಅವಳು ಹದ್ದಿನ ವಿಷಯ ಹೇಳುತ್ತಿದ್ದಾಳೆ ಎಂದು. ಸೂಜಿಯಕ್ಕ ಎಲ್ಲವನ್ನೂ ರಟ್ಟಿನ ತುಂಡಿನ ಮೇಲೆ ಬರೆದುಕೊಂಡಳು.

ಶನಿವಾರ ಮಧ್ಯಾಹ್ನ ಆಫೀಸು ಬೇಗ ಮುಚ್ಚುತ್ತದೆ. ಕೆಳಗಿನ ಮೂಲೆಯಲ್ಲಿ ಗೋಣಿ ಹೊದಿಸಿಟ್ಟಿದ್ದ ಟ್ರೆಡಲ್ ಮಷೀನಿಗೆ ಹೊರೆಯಣ್ಣ ಎಣ್ಣೆ ಬಿಟ್ಟ. ಅಚ್ಚುಮೊಳೆಯ ಖಾನೆಗಳ ಧೂಳು ಊದಿ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾದ ಅಕ್ಷರಗಳನ್ನು ಒಂದೊಂದೇ ಹೆಕ್ಕಿ ಜೋಡಿಸಿದ. ರಟ್ಟಿನ ತುಂಡನ್ನು ಒಮ್ಮೆ ಓದಿಕೊಂಡನಷ್ಟೇ, ಮತ್ತೆ ನೋಡಲಿಲ್ಲ. ತಿರುವುಮುರುವಾದ ಅಕ್ಷರವನ್ನು ಬಲದಿಂದ ಎಡಕ್ಕೆ ಸರಾಗವಾಗಿ ಓದುವ ಈ ಮನುಷ್ಯ ದಡ್ಡನಂತೆ! ಚಿತ್ರ ಬರೆದವನಿಗೆ ತನ್ನ ಹೆಸರನ್ನು ಹಾಗೆ ಓದಲು ಕೊಟ್ಟಿದ್ದರೆ ಗೊತ್ತಾಗುತ್ತಿತ್ತು.

ಅಚ್ಚಾದ ಒಪ್ಪೋಲೆ ಹೀಗಿತ್ತು:

‘ಒಪ್ಪೋಲೆ. ಪುಟ ೪೬.

ಬಾಕಾ. ತಪ್ಪು: ದಪ್ಪಗಿರುವ ಸೋಮಾರಿ ಹೆಂಗಸು. ಒಪ್ಪು: ಹಸು. ಮಲಗಿದ್ದಾಗಲೂ ಮೆಲುಕು ಹಾಕುತ್ತಿರುತ್ತದೆ. ನೀವು ಕುಡಿಯುವ ಹಾಲು ಆಗುವುದು ಆಗಲೇ.

ಗಯೀನಾ. ತಪ್ಪು: ಹೇಡಿ. ಒಪ್ಪು: ಹೇಂಟೆ. ಮರಿಯ ಮೇಲೆ ಹದ್ದು ಎರಗಿದರೆ ಹದ್ದಿನ ಮೇಲೇ ಹಾರುತ್ತದೆ.

ಬುರ್ರೊ. ತಪ್ಪು: ದಡ್ಡ. ಒಪ್ಪು: ಕತ್ತೆ. ಒಮ್ಮೆ ಜಾರಿದ ಜಾಗದಲ್ಲಿ ಮತ್ತೆ ಕಾಲಿಡುವುದಿಲ್ಲ. ಮನುಷ್ಯರು ಇಡುತ್ತಾರೆ.

ಸೆರ್ದೊ. ತಪ್ಪು: ಕೊಳಕು ಮನುಷ್ಯ. ಒಪ್ಪು: ಹಂದಿ. ಜಾಗ ಕೊಟ್ಟರೆ ಮಲಗುವ ಕಡೆ ಹೊಲಸು ಮಾಡುವುದಿಲ್ಲ. ಜಾಗ ಕೊಡದವರು ಯಾರು?’

ಒಪ್ಪೋಲೆಯನ್ನು ಅಂಟಿಸುವ ಕ್ರಮವೇನೆಂದರೆ, ಅಂಚಿಗೆ ಮಾತ್ರ ತೆಳುವಾಗಿ ಮೈದಾ ಅಂಟು ಹಚ್ಚಿ ಪುಟದ ಬದಿಗೆ ಕೂರಿಸುವುದು. ಬೇಡವೆಂದರೆ ಕಿತ್ತುಹಾಕಬಹುದು. ಸೂಜಿಯಕ್ಕ ಆ ಕ್ರಮ ಹಿಡಿಯಲಿಲ್ಲ. ಚೀಟಿಯನ್ನು ಚೌಕಟ್ಟಿನ ಅಳತೆಗೆ ಸರಿಯಾಗಿ ಕತ್ತರಿಸಿದಳು. ಅಂಟಿನಮ್ಮ ಮೇಜಿನ ಕೆಳಗಿಂದ ಮುಂಗಟ್ಟು ತೆಗೆದು ಮತ್ತೆ ಉಟ್ಟಳು, ತೊಗಲಿನ ಅಂಟನ್ನು ಬಿಸಿ ಮಾಡಿ, ಚೀಟಿಯ ಬೆನ್ನಿಗೆಲ್ಲ ದಪ್ಪಗೆ ಬಳಿದಳು. ಪಿಸುಗಮ್ಮ ಚಿತ್ರದ ಮೇಲೇ ಕೂರಿಸಿದಳು, ಸೂಜಿಯಕ್ಕ ಮೂಳೆಯ ಪಟ್ಟಿಯಿಂದ ಒತ್ತಿದಳು. ನಾಲ್ಕು ಸಾವಿರ ಸಲ. ಭಾನುವಾರವೂ ಬಂದರು, ಸೋಮವಾರ, ಮಂಗಳವಾರ ಊಟದ ಹೊತ್ತಿನಲ್ಲೂ ಕೂತರು. ಆಮೇಲೆ ಪುಸ್ತಕ ಎಂದಿನಂತೆ ಹೊಲಿದು, ರಟ್ಟು ತೊಡಿಸಿ, ಹೇಳಿದ ದಿನಕ್ಕೆ ಕೆಳಗಿಳಿಸಿದರು.

ಯಜಮಾನರಿಗೆ ಗೊತ್ತಾದದ್ದು ಪುಸ್ತಕ ಶಾಲೆಗಳಿಗೆ ಹೋಗುವ ಬೆಳಿಗ್ಗೆ. ಅಳಿಯ ತನ್ನ ಚಿತ್ರವನ್ನು ಹೆಂಡತಿಗೆ ತೋರಿಸಲು ಒಂದು ಪ್ರತಿ ಬಿಡಿಸಿದ್ದ. ಅವನು ಕೂಗಿದ ಕೂಗು ಮೂರು ಅಂತಸ್ತಿಗೂ ಕೇಳಿಸಿತು. ಚೀಟಿ ಕೀಳಲು ಹೋದ, ಪುಟವೇ ಹರಿದು ಬಂತು. ಇನ್ನೊಂದು ಕಿತ್ತ, ಅದೂ ಹರಿಯಿತು. ಮತ್ತೆ ಅಚ್ಚು ಹಾಕಲು ಹೊತ್ತಿರಲಿಲ್ಲ, ಪುಸ್ತಕಗಳು ಹಾಗೇ ಶಾಲೆಗಳಿಗೆ ಹೋದವು. ಯಜಮಾನರು ಮಹಡಿ ಹತ್ತಿ ಬಂದರು. ಅಪ್ಪನ ಕಾಲದ ನಂತರ ಯಜಮಾನರ ಚಪ್ಪಲಿ ಆ ಮಹಡಿ ಕಂಡದ್ದು ಅದೇ ಮೊದಲು.

"ಯಾರನ್ನ ಕೇಳಿ ಮಾಡಿದೆ?"

"ಮೊಳೆಗೆ ಚೀಟಿ ಹಾಕಿದ್ದೆ ಯಜಮಾನ್ರೆ."

"ತಪ್ಪಾಯ್ತು ಅಂತ ಬರೆದುಕೊಡು. ಇಲ್ದಿದ್ರೆ ಈ ಸ್ಟೂಲು ಬಿಡು."

"ಒಪ್ಪೋಲೆಯಲ್ಲಿ ತಪ್ಪಿದ್ರೆ ನೀವೂ ಚೀಟಿ ಬರೆದು ಮೊಳೆಗೆ ಹಾಕಿ. ನಾನು ಓದಿ ಉತ್ತರ ಕೊಡ್ತೀನಿ. ಬಾಲ ಮಾತ್ರ ಬರೆಯಲ್ಲ."

ಆ ಮಾತಿಗೆ ಅವಳನ್ನು ಕೆಳಗಿನ ಕಟ್ಟುವ ಕೋಣೆಗೆ ಹಾಕಿದರು. ಕಿಟಕಿಯಿಲ್ಲದ ಕೋಣೆ. ಇಪ್ಪತ್ತೈದು ಪುಸ್ತಕಕ್ಕೆ ಒಂದು ಕಟ್ಟು, ಕಂದು ಕಾಗದ, ಸಣಬಿನ ಹುರಿ. ಮೂವತ್ತೊಂದು ವರ್ಷ ಸೂಜಿ ಹಿಡಿದ ಬೆರಳಿಗೆ ಹುರಿ! ನಡುವಿನ ಅಂತಸ್ತಿನಲ್ಲಿ ತಿರುಗುವ ಕುರ್ಚಿ ಮಾತ್ರ ಎಂದಿನಂತೆ ತಿರುಗುತ್ತಿತ್ತು. ತಪ್ಪು ಮಾಡಿದವನಿಗೆ ಕುರ್ಚಿ, ತಿದ್ದಿದವಳಿಗೆ ಕತ್ತಲೆ. ಇದು ಎಲ್ಲಿಯ ನ್ಯಾಯ ಎಂದು ಕೇಳುವವರು ಇರಲಿಲ್ಲ. ಪಿಸುಗಮ್ಮನನ್ನು ಕರೆದು ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂರು ಎಂದರಂತೆ. "ಅದು ಅಕ್ಕಂದು," ಎಂದಳಂತೆ ಅವಳು. ಕೆಳಗಿನ ಮಷೀನಿನವರಿಗೂ ಕೇಳಿಸಿತು ಎಂದು ಅಂಟಿನಮ್ಮ ಬಂದು ಹೇಳಿದಳು, ಅವಳ ಮಾತನ್ನು ಅರ್ಧ ನಂಬಿದರೂ ಸಾಕು.

ಸೂಜಿಯಕ್ಕನಿಗೆ ಇದೆಲ್ಲಕ್ಕಿಂತ ದೊಡ್ಡ ಚಿಂತೆ ಮನೆಯಲ್ಲಿತ್ತು. ನಲವತ್ತಾರನೇ ಪುಟ ತೆಗಿ ಎಂದು ಹೇಳಿದ ಬಾಯಿ ಅವಳದೇ. ಶಾಲೆ ಶುರುವಾಗುವ ಹಿಂದಿನ ಸಂಜೆ ಮಗಳ ಜಡೆ ಹೆಣೆಯುತ್ತಾ, ಮುಖ ಕಾಣದ ಹಾಗೆ ಹಿಂದೆ ನಿಂತು, ಸುಳ್ಳು ಹೇಳಿದಳು: "ಆ ಚಿತ್ರ ಇಲ್ಲ ಕಣೇ. ಬಣ್ಣ ಸರಿ ಬರ್ಲಿಲ್ಲ ಅಂತ ಮುಚ್ಚಿಬಿಟ್ರು."

"ಹೌದಾ? ಹೋಗ್ಲಿ ಬಿಡಮ್ಮ," ಎಂದಳು ಪುಟ್ಟಿ. "ದಾರ ಇದೆಯಲ್ಲ."

ಮಾರನೆಯ ದಿನ ಹುಡುಗಿ ಶಾಲೆಯಿಂದ ಬಂದು ಎಂದಿನಂತೆ ಚೀಲ ಎಸೆದು, ಎಂದಿನಂತೆ ಹಸಿವು ಎಂದಳು. ಚಿತ್ರದ ಮಾತು ಎತ್ತಲಿಲ್ಲ. ಸದ್ಯ, ಮಗಳ ಕಣ್ಣಿಗೆ ಬೀಳಲಿಲ್ಲ ಎಂದು ಸೂಜಿಯಕ್ಕ ನಿಟ್ಟುಸಿರು ಬಿಟ್ಟಳು. ಮಗಳ ಕಣ್ಣಿಗೊಂದು ಬೀಳದಿದ್ದರೆ ಸ್ಟೂಲು ಹೋದದ್ದೂ ಕಿಟಕಿ ಹೋದದ್ದೂ ಲೆಕ್ಕಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡಳು. ಎರಡು ತಿಂಗಳು ಹಾಗೇ ಕಳೆಯಿತು.

ಆಮೇಲೆ ಪರೀಕ್ಷೆಯ ಉತ್ತರ ಪತ್ರಿಕೆಗಳು ಮನೆಗೆ ಬಂದವು. ಪೋಷಕರು ಸಹಿ ಹಾಕಿ ಕಳಿಸಬೇಕು. ಸ್ಪ್ಯಾನಿಷ್ ಪತ್ರಿಕೆಯನ್ನು ಪುಟ್ಟಿ ಎಲ್ಲದರ ಕೆಳಗೆ ಇಟ್ಟಿದ್ದಳು. ಸೂಜಿಯಕ್ಕ ಕನ್ನಡಕ ಸರಿಮಾಡಿಕೊಂಡು ಓದಿದಳು. ಪ್ರಶ್ನೆ ಆರು: ‘ಬಾಕಾ ಎಂಬ ಹೆಸರನ್ನು ಮನುಷ್ಯರಿಗೆ ಹೇಳಿದರೆ ಏನು ಅರ್ಥ?’ ಅದರ ಕೆಳಗೆ ಮಗಳ ಗುಂಡು ಅಕ್ಷರ: ‘ಮಲಗಿದ್ದಾಗಲೂ ದುಡಿಯುವವಳು. ನಮಗೆ ಹಾಲು ಕೊಟ್ಟು ಓದಿಸುವವಳು.’ ಅದರ ಮೇಲೆ ಉದ್ದಕ್ಕೂ ಒಂದು ಕೆಂಪು ಗೀಟು. ಅಂಚಿನಲ್ಲಿ ಮೇಷ್ಟ್ರ ಕೈಬರಹ: ‘ಚೆನ್ನಾಗಿ ಬರೆದಿದ್ದೀಯ. ಆದರೆ ತಪ್ಪು.’

"ಇದೇನೇ? ಮೇಷ್ಟ್ರು ಅರ್ಥ ಹೇಳ್ಕೊಡ್ಲಿಲ್ವಾ?"

"ಹೇಳ್ಕೊಟ್ರು. ಪುಸ್ತಕದಲ್ಲಿ ಮುಚ್ಚಿಹೋಗಿದೆ, ಪರೀಕ್ಷೆಗೆ ಬರ್ಕೊಳ್ಳಿ ಅಂತ ನಾಲ್ಕೂ ಹೇಳಿ ಬರೆಸಿದ್ರು."

"ಮತ್ತೆ ಗೊತ್ತಿದ್ದೂ ಹೀಗೆ ಯಾಕೆ ಬರೆದೆ?"

ಪುಟ್ಟಿ ಉಗುರು ನೋಡಿಕೊಂಡಳು. "ಅಮ್ಮಾ, ಮೊದಲನೇ ದಿನಾನೇ ಆ ಪುಟಾನ ಕಿಟಕಿ ಬೆಳಕಿಗೆ ಹಿಡಿದು ನೋಡಿದ್ದೆ. ಅಂಟಿನ ಹಿಂದೆ ಕಾಣತ್ತೆ. ನಿನ್ನ ಕನ್ನಡಕದ ದಾರಾನೂ ಕಂಡಿತು, ಓದೋಕೂ ಬಂತು. ಯಾರಿಗೂ ತೋರಿಸ್ಲಿಲ್ಲ. ಚಿತ್ರ ಎಲ್ಲಿ ಅಂತ ಎಲ್ಲರೂ ಕೇಳಿದ್ರು, ಬಣ್ಣ ಸರಿ ಬರ್ಲಿಲ್ಲ ಅಂದೆ."

ಎರಡು ತಿಂಗಳು! ತಾನು ಮಗಳಿಗೆ ಸುಳ್ಳು ಹೇಳಿ ಕಾಪಾಡುತ್ತಿದ್ದೇನೆ ಎಂದು ತಿಳಿದಿದ್ದಳು. ಮಗಳು ಅದೇ ಸುಳ್ಳನ್ನು ಹೊತ್ತುಕೊಂಡು ತರಗತಿಯಲ್ಲಿ ತನ್ನನ್ನು ಕಾಪಾಡುತ್ತಿದ್ದಳು. ಸೂಜಿಯಕ್ಕನಿಗೆ ಅಳು ಬಂತು, ಅಳುವಿನ ಬೆನ್ನಿಗೇ ಸಿಟ್ಟು ಬಂತು, ಹಿಂದೆ ಬಂದಿದ್ದ ಸಿಟ್ಟೆಲ್ಲ ಇದರ ಮುಂದೆ ಏನೂ ಅಲ್ಲ ಎನ್ನುವಷ್ಟು. ಹದಿಮೂರು ವರ್ಷದ ಹುಡುಗಿ ತನ್ನ ತಾಯಿಯನ್ನು ಸೋಮಾರಿ ಎಂದು ಬರೆದರೆ ಸರಿ, ದುಡಿಯುವವಳು ಎಂದು ಬರೆದರೆ ತಪ್ಪು. ಅದಕ್ಕೆ ಕೆಂಪು ಶಾಯಿ. ಅದರ ಮೇಲೆ ‘ಚೆನ್ನಾಗಿ ಬರೆದಿದ್ದೀಯ’ ಎಂಬ ಸಕ್ಕರೆ ಬೇರೆ.

ಅವಳು ಪತ್ರಿಕೆಗೆ ಸಹಿ ಹಾಕಲಿಲ್ಲ. "ಇದನ್ನ ನಾಳೆ ಒಯ್ಯಬೇಡ. ನನಗೆ ಬೇಕು," ಎಂದಳು.

ಬೆಳಿಗ್ಗೆ ಅಚ್ಚುಕೂಟಕ್ಕೆ ಹೋದವಳು ಕಟ್ಟುವ ಕೋಣೆಗೆ ಇಳಿಯಲಿಲ್ಲ. ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಆಫೀಸಿನ ಬಾಗಿಲಿಗೆ ಬಂದಳು. ಬಾಲ ಬರೆದ ಹಳೆಯ ಚೀಟಿ ಇನ್ನೂ ಅಲ್ಲೇ ತೂಗುತ್ತಿತ್ತು. ಅದನ್ನು ತೆಗೆಯಲಿಲ್ಲ. ಅದರ ಮೇಲೆ ಮಗಳ ಉತ್ತರ ಪತ್ರಿಕೆಯನ್ನು ಆರನೇ ಪ್ರಶ್ನೆ ಕಾಣುವಂತೆ ಮಡಿಸಿ, ಮೂಳೆಯ ಪಟ್ಟಿಯಿಂದ ಮಡಿಕೆ ಒತ್ತಿ, ಮೊಳೆಗೆ ಸಿಕ್ಕಿಸಿದಳು. ಕೆಂಪು ಗೀಟಿನ ಪಕ್ಕದಲ್ಲಿ, ಮೇಷ್ಟ್ರು ‘ತಪ್ಪು’ ಎಂದು ಬರೆದಿದ್ದ ಕಡೆಗೆ ಬಾಣ ಎಳೆದು, ಒಂದೇ ಸಾಲು ಬರೆದಿದ್ದಳು: ‘ಇದೂ ತಪ್ಪು. ಇದಕ್ಕೆ ಒಪ್ಪೋಲೆ ಯಾರು ಹಾಕುತ್ತೀರಿ?’

ಒಂಬತ್ತೂವರೆಗೆ ಯಜಮಾನರು ಬಂದರು. ಅವಳು ಬಾಗಿಲ ಪಕ್ಕದಲ್ಲೇ ನಿಂತಿದ್ದಳು, ಅವಳ ಹಿಂದೆ ಮೆಟ್ಟಿಲ ಮೇಲೆ ಅಂಟಿನಮ್ಮ, ಪಿಸುಗಮ್ಮ, ಬೆನ್ನ ಮೇಲಿನ ಕಂತೆ ಇಳಿಸದ ಹೊರೆಯಣ್ಣ. ಯಜಮಾನರು ಬೀಗದ ಕೈ ತೆಗೆದರು, ಮೊಳೆಯ ಕಡೆ ನೋಡಿದರು, ಅವರನ್ನು ನೋಡಿದರು.

"ಬೇರೆ ಕಾಗದ ಮುಟ್ಟೋ ಮುಂಚೆ ಓದ್ಬೇಕು ಯಜಮಾನ್ರೆ," ಎಂದಳು ಸೂಜಿಯಕ್ಕ. "ನಾವು ಕಾಯ್ತೀವಿ."